ಮಸ್ಕಿಗೆ ಮೊದಲ ರಾಡ್, ಮೊದಲ ರೀಲ್: ಮೀನಿನ ತೂಕ ಬಿಡಿ, ಲೂರಿನ ತೂಕ ನೋಡಿ

ಪ್ರಶ್ನೆ: ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವನು. ಆರು ವರ್ಷದಿಂದ ಅಮೆರಿಕದ ಮಿನ್ನೆಸೋಟಾದಲ್ಲಿ, ಮಿನ್ನಿಯಾಪೊಲಿಸ್ ಹತ್ತಿರದ ಪ್ಲಿಮತ್‌ನಲ್ಲಿದ್ದೇನೆ. ಚಿಕ್ಕಂದಿನಿಂದ ಗಾಳದ ಹುಚ್ಚು. ಇಲ್ಲಿ ಬಾಸ್ ಮೀನು ಹಿಡಿಯುವುದು ಅಭ್ಯಾಸವಾಗಿದೆ. ನನ್ನಲ್ಲಿ 7 ಅಡಿಯ ಮೀಡಿಯಂ ಹೆವಿ ರಾಡ್, 200 ಸೈಜಿನ ಬೇಟ್‌ಕಾಸ್ಟಿಂಗ್ ರೀಲ್, 30 ಪೌಂಡ್ ತಾಳುವ ಬ್ರೇಯ್ಡ್ (ಎಳೆಗಳನ್ನು ಹೆಣೆದ) ದಾರ ಇವೆ. ಕಳೆದ ಸೆಪ್ಟೆಂಬರಿನಲ್ಲಿ ಮಿನಟೊಂಕಾ ಲೇಕ್‌ನಲ್ಲಿ ಒಂದು ಮಸ್ಕಿ ಮೀನು ನನ್ನ ಲೂರಿನ (ಕೊಕ್ಕೆ ಕಟ್ಟಿದ ಕೃತಕ ಎರೆಯ) ಬೆನ್ನು ಹತ್ತಿ ದೋಣಿಯ ಪಕ್ಕದವರೆಗೆ ಬಂದು, ಒಂದು ಕ್ಷಣ ನಿಂತು, ಮುಳುಗಿ ಹೋಯಿತು. ಈ ವರ್ಷ ಸರಿಯಾದ ಸಾಮಾನು ಕೊಳ್ಳಬೇಕೆಂದಿದ್ದೇನೆ. ಅಂಗಡಿಯಲ್ಲಿ 9 ಅಡಿ 6 ಇಂಚಿನ ಎಕ್ಸ್‌ಟ್ರಾ ಹೆವಿ ರಾಡ್, 500 ಸೈಜಿನ ರೀಲ್ ತೋರಿಸಿ ಎರಡೂ ಸೇರಿ 900 ಡಾಲರ್ ಎಂದರು. ಸಮುದ್ರದ ರಾಡ್ ಸಾಕು ಎನ್ನುತ್ತಾನೆ ಒಬ್ಬ ಗೆಳೆಯ. ಇರುವ ರಾಡಿಗೇ ದಪ್ಪ ದಾರ ಸುತ್ತು ಎನ್ನುತ್ತಾನೆ ಇನ್ನೊಬ್ಬ. ನನ್ನ ಬಜೆಟ್ ಎಲ್ಲಾ ಸೇರಿ 600 ಡಾಲರ್. ಎತ್ತರ 5 ಅಡಿ 5 ಇಂಚು, ಬಲ ಭುಜದಲ್ಲಿ ಹಳೇ ನೋವು. ಕಾರು ಕರೋಲಾ. ಸ್ವಂತ ದೋಣಿ ಇಲ್ಲ, ಬಾಡಿಗೆಯ ಪಾಂಟೂನ್ (ತೇಲುಕೊಳವೆಗಳ ಮೇಲಿನ ಚಪ್ಪಟೆ ದೋಣಿ). 30 ಪೌಂಡ್ ತೂಗುವ ಮೀನಿಗೆ 80, 100 ಪೌಂಡಿನ ದಾರ ಏಕೆ? ಸ್ಪಿನ್ನಿಂಗ್ ರೀಲ್ ಆಗದೇ? ದಯವಿಟ್ಟು ಬಿಡಿಸಿ ಹೇಳಿ.

ಉತ್ತರ: ಊರಿನಲ್ಲಿ ಕುಳಿತು ಓದುವವರಿಗೆ ಮೊದಲೇ ಹೇಳಿಬಿಡುತ್ತೇನೆ, ಇದು ಅಶೋಕನ ಶಾಸನ ಸಿಕ್ಕ ರಾಯಚೂರು ಜಿಲ್ಲೆಯ ಮಸ್ಕಿಯಲ್ಲ. ಮಸ್ಕೆಲಂಜ್ ಎಂಬ ಉತ್ತರ ಅಮೆರಿಕದ ಸಿಹಿನೀರಿನ ಮೀನನ್ನು ಇಲ್ಲಿನವರು ಚಿಕ್ಕದಾಗಿ ಕರೆಯುವುದು ಹಾಗೆ. ಬಾತುಕೋಳಿಯ ಕೊಕ್ಕಿನಂಥ ಚಪ್ಪಟೆ ಮೂತಿ, ಬಾಯಿ ತುಂಬ ಹಲ್ಲು, ಉದ್ದನೆಯ ಮೈ. ಶೃಂಗೇರಿಯ ತುಂಗೆಯಲ್ಲಿ ಪುರಿ ಎಸೆದರೆ ಮುಗಿಬೀಳುವ ಮೀನುಗಳ ಸ್ವಭಾವಕ್ಕೂ ಇದಕ್ಕೂ ಅಜಗಜಾಂತರ. ಇದು ಒಂಟಿ ಬೇಟೆಗಾರ. ಒಂದೊಂದು ಲೇಕ್‌ನಲ್ಲಿ ಇರುವುದೇ ಕಡಿಮೆ, ಇದ್ದದ್ದೂ ಹಸಿದಾಗ ಮಾತ್ರ ಬಾಯಿ ಹಾಕುತ್ತದೆ. ‘ಹತ್ತು ಸಾವಿರ ಎಸೆತದ ಮೀನು’ ಎಂಬ ಹೆಸರು ಬಂದಿರುವುದು ಅದಕ್ಕೇ.

ಆ ಹೆಸರಿನಲ್ಲೇ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರವಿದೆ. ನೀವು ಇಡೀ ದಿನ ಮಾಡುವ ಕೆಲಸ ಮೀನಿನೊಡನೆ ಎಳೆದಾಡುವುದಲ್ಲ, ಎಸೆಯುವುದು. ಬೆಳಗಿನಿಂದ ಸಂಜೆಯವರೆಗೆ ನೂರಾರು ಸಲ ಭಾರದ ಲೂರನ್ನು ಎಸೆದು, ನೀರಿನಲ್ಲಿ ಎಳೆದು, ದೋಣಿಯ ಪಕ್ಕದಲ್ಲಿ ಸುತ್ತಿಸಿ, ಮತ್ತೆ ಎಸೆಯಬೇಕು. ಮೀನು ಸಿಕ್ಕಿದ ಮೇಲಿನ ಹೋರಾಟ ಬಹುಪಾಲು ಕೆಲವೇ ನಿಮಿಷಗಳದ್ದು. ಹಾಗಾಗಿ ರಾಡ್, ರೀಲ್, ದಾರ ಮೂರನ್ನೂ ಅಳೆಯಬೇಕಾದ್ದು ಮೀನಿನ ತೂಕದಿಂದಲ್ಲ, ಲೂರಿನ ತೂಕದಿಂದ. ಅಂಗಡಿಯವರು ಎಲ್ಲಕ್ಕಿಂತ ದೊಡ್ಡ ಲೂರನ್ನು ಮನಸ್ಸಿನಲ್ಲಿಟ್ಟುಕೊಂಡು ತೋರಿಸಿದ್ದಾರೆ. ನಿಮ್ಮ ಗೆಳೆಯರು ಲೂರನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ಈಗ ಇರುವ ರಾಡ್ ಏಕೆ ಬೇಡ

ನಿಮ್ಮ ರಾಡಿನ ಹಿಡಿಕೆಯ ಮೇಲೆ ಬರೆದದ್ದನ್ನು ಓದಿ. 7 ಅಡಿಯ ಮೀಡಿಯಂ ಹೆವಿ ಬಾಸ್ ರಾಡಿಗೆ ಸಾಮಾನ್ಯವಾಗಿ ಕೊಟ್ಟಿರುವ ಲೂರಿನ ಮಿತಿ 1 ಔನ್ಸ್, ಅಂದರೆ 28 ಗ್ರಾಂ. ಮಸ್ಕಿಯ ಪ್ರಪಂಚ ಶುರುವಾಗುವುದೇ ಅಲ್ಲಿಂದ. ಬಾಲಕ್ಕೆ ಕೂದಲು ಕಟ್ಟಿದ, ಮುಂದೆ ಲೋಹದ ಎಲೆ ತಿರುಗುವ ಬಕ್‌ಟೇಲ್‌ಗಳಲ್ಲಿ ಚಿಕ್ಕವು 1 ಔನ್ಸಿನ ಆಸುಪಾಸು. 8ನೇ ನಂಬರಿನ ಎರಡು ಎಲೆ ಇರುವುದು ಒಂದೂವರೆಯಿಂದ 2 ಔನ್ಸ್, 10ನೇ ನಂಬರಿನದು ಹತ್ತಿರ ಹತ್ತಿರ 3 ಔನ್ಸ್. ರಬ್ಬರಿನ ಬುಲ್ ಡಾಗ್‌ನ ಸಾಮಾನ್ಯ ಅಳತೆಯದು 4 ಔನ್ಸಿಗೆ ಸ್ವಲ್ಪ ಕಡಿಮೆ, ಅದರ ಮ್ಯಾಗ್ನಂ ಸುಮಾರು 8 ಔನ್ಸ್. ಪೌಂಡರ್ ಎಂಬುದು ಹೆಸರೇ ಹೇಳುವಂತೆ ಒಂದು ಪೌಂಡಿನ ಆಜುಬಾಜು.

ಬಾಸ್ ರಾಡಿನಲ್ಲಿ 3 ಔನ್ಸ್ ಎಸೆದರೆ ಮೊದಲ ಎಸೆತಕ್ಕೇ ಮುರಿಯುತ್ತದೆ ಎಂದಲ್ಲ, ಆದ್ದರಿಂದಲೇ ಜನ ಮೋಸ ಹೋಗುತ್ತಾರೆ. ರಾಡಿನ ಮೇಲ್ಭಾಗ ಪ್ರತಿ ಎಸೆತಕ್ಕೂ ಮಿತಿ ಮೀರಿ ಬಾಗುತ್ತದೆ. ಕಾರ್ಬನ್ ಎಳೆಗಳಲ್ಲಿ ಕಣ್ಣಿಗೆ ಕಾಣದ ಬಿರುಕು ಕೂಡುತ್ತ ಹೋಗುತ್ತದೆ. ಕೊನೆಗೊಂದು ದಿನ, ಬಹುಪಾಲು ಮೀನು ಕಚ್ಚಿದಾಗಲೇ, ತುದಿಯಿಂದ ಒಂದೆರಡು ಅಡಿ ಕೆಳಗೆ ಪಟ್ಟನೆ ಮುರಿಯುತ್ತದೆ. ಮುರಿಯದಿದ್ದರೂ ಇನ್ನೊಂದು ತೊಂದರೆಯಿದೆ. ಮಸ್ಕಿ ಲೂರುಗಳ ಮೂರು ಮೊನೆಯ ಕೊಕ್ಕೆಗಳು ದಪ್ಪ. ಗಟ್ಟಿ ದವಡೆಯೊಳಗೆ ಅವು ಇಳಿಯಬೇಕಾದರೆ ರಾಡಿನ ಬುಡದಲ್ಲಿ ಬಲ ಇರಬೇಕು. ಮೆತ್ತನೆಯ ರಾಡ್ ನಿಮ್ಮ ಎಳೆತವನ್ನೆಲ್ಲ ತಾನೇ ನುಂಗಿಬಿಡುತ್ತದೆ. ಮೀನು ಎರಡು ಸಲ ತಲೆ ಕೊಡವಿ ಲೂರನ್ನು ಉಗಿದು ಹೋಗುತ್ತದೆ.

ದಪ್ಪ ದಾರ ಸುತ್ತಿದರೆ ಇದರಲ್ಲಿ ಒಂದೂ ಸರಿಹೋಗುವುದಿಲ್ಲ. ಮೊದಲು ದಾರ ಹರಿದು ರಾಡ್ ಉಳಿಯುತ್ತಿತ್ತು, ಈಗ ದಾರ ಉಳಿದು ರಾಡ್ ಹೋಗುತ್ತದೆ.

ಸಮುದ್ರದ ರಾಡ್ ಎಂಬ ಸಲಹೆ ಪೂರ್ತಿ ತಪ್ಪಲ್ಲ, ಯಾವುದು ಎಂದು ಕೇಳಬೇಕು. ದಡದಿಂದ ಎಸೆಯುವ 10–12 ಅಡಿಯ ಸರ್ಫ್ ರಾಡ್ ದೋಣಿಯಲ್ಲಿ ಆಡಿಸಲಾಗದು. ದೋಣಿಯ ಹಿಂದೆ ಎಳೆದುಕೊಂಡು ಹೋಗುವ ಟ್ರೋಲಿಂಗ್ ರಾಡ್ ಗಿಡ್ಡ, ಎಸೆಯಲು ಬಾರದು. ನಿಜವಾಗಿ ಹತ್ತಿರ ಬರುವುದು ಬಾಸ್‌ನವರೇ ಸ್ವಿಮ್‌ಬೇಟ್ ಎಂಬ ಮೀನಿನಾಕಾರದ ಭಾರದ ಲೂರುಗಳಿಗೆ ಬಳಸುವ ದೊಡ್ಡ ರಾಡ್. 8 ಅಡಿಯದು, 2ರಿಂದ 6 ಅಥವಾ 8 ಔನ್ಸ್ ಮಿತಿಯದು ಯಾರ ಬಳಿಯಾದರೂ ಇದ್ದರೆ ಎರವಲು ತಂದು ಒಂದು ಸೀಸನ್ ಕಳೆಯಬಹುದು.

ಉದ್ದ ಎಷ್ಟಿರಬೇಕು

ಕಳೆದ ಸೆಪ್ಟೆಂಬರಿನ ನಿಮ್ಮ ಮೀನನ್ನೇ ಮತ್ತೆ ನೆನಪಿಸಿಕೊಳ್ಳಿ. ಅದು ದೋಣಿಯವರೆಗೆ ಬಂದದ್ದು ಅಪರೂಪದ ಘಟನೆಯಲ್ಲ, ಮಸ್ಕಿ ಮಾಡುವುದೇ ಹಾಗೆ. ಲೂರಿನ ಹಿಂದೆ ಒಂದೆರಡು ಅಡಿ ಅಂತರದಲ್ಲಿ ಬರುತ್ತದೆ, ಲೂರ್ ನಿಂತರೆ ಆಸಕ್ತಿ ಕಳೆದುಕೊಳ್ಳುತ್ತದೆ. ಆದ್ದರಿಂದ ಇಲ್ಲಿನವರು ಪ್ರತಿ ಎಸೆತದ ಕೊನೆಯಲ್ಲೂ, ಮೀನು ಕಾಣಲಿ ಕಾಣದಿರಲಿ, ಲೂರನ್ನು ಮೇಲೆತ್ತದೆ ರಾಡಿನ ತುದಿಯನ್ನೇ ನೀರೊಳಗೆ ಇಳಿಸಿ ಇಂಗ್ಲಿಷಿನ ಎಂಟರ ಅಂಕಿಯ ಆಕಾರದಲ್ಲಿ ಸುತ್ತಿಸುತ್ತಾರೆ. ರಾಡಿನ ತುದಿಗೂ ಲೀಡರಿಗೂ (ಹಲ್ಲಿಗೆ ಹರಿಯದಂತೆ ಲೂರಿನ ಮುಂದೆ ಕಟ್ಟುವ ಗಟ್ಟಿ ತುಂಡು) ನಡುವೆ 12ರಿಂದ 18 ಇಂಚು ದಾರ ಇರಬೇಕು. ಮೊದಲ ತಿರುವಿನಲ್ಲಿ ತುದಿಯನ್ನು ಇನ್ನಷ್ಟು ಆಳಕ್ಕೆ ಒತ್ತಿ, ತಿರುವಿನಿಂದ ಹೊರಬರುವಾಗ ವೇಗ ಹೆಚ್ಚಿಸಿ ಮೇಲೆ ತನ್ನಿ.

4 ಅಡಿ ಉದ್ದದ ಮೀನು ಬಸ್ಸಿನ ಹಾಗೆ, ಸಣ್ಣ ಜಾಗದಲ್ಲಿ ತಿರುಗದು. ತಿರುವು ಬಿಗಿಯಾದರೆ ಲೂರ್ ಅದರ ಕಣ್ಣಿಗೆ ತಪ್ಪಿ ಹೋಗುತ್ತದೆ. 7 ಅಡಿಯ ರಾಡಿನಲ್ಲಿ ದೋಣಿಯ ಅಂಚು, ನಿಮ್ಮ ತೋಳು ಎಲ್ಲ ಕಳೆದು ಉಳಿಯುವ ಸುತ್ತಳತೆ ತೀರ ಕಡಿಮೆ. ಅದರ ಮೇಲೆ ನಿಮ್ಮದು ಪಾಂಟೂನ್, ಸುತ್ತ ಕಂಬಿಯ ಬೇಲಿ. ಅದರ ಮೇಲಿಂದ ಬಾಗಿ ತುದಿಯನ್ನು ನೀರಿಗೆ ಮುಟ್ಟಿಸಲೇ ಒಂದೆರಡು ಅಡಿ ಖರ್ಚಾಗುತ್ತದೆ. ಮೀನು ತಿರುಗಿ ಹೋಗಲು ದಾರದ ಬಣ್ಣವೋ ರಾಡಿನ ನೆರಳೋ ಕಾರಣ ಎಂದು ಯಾರಾದರೂ ಹೇಳಿದರೆ ತಲೆ ಕೆಡಿಸಿಕೊಳ್ಳಬೇಡಿ.

ಹಾಗಾದರೆ 9 ಅಡಿ 6 ಇಂಚು ಇನ್ನೂ ಒಳ್ಳೆಯದಲ್ಲವೇ? ಎತ್ತರದ, ಭುಜ ಗಟ್ಟಿಯಿರುವ ಮನುಷ್ಯನಿಗೆ ಹೌದು. ರಾಡ್ ಉದ್ದವಾದಷ್ಟೂ ತುದಿಯ ಭಾರ ನಿಮ್ಮ ಮಣಿಕಟ್ಟಿನಿಂದ ದೂರ ಹೋಗುತ್ತದೆ. ಸೇದುವ ಬಾವಿಯಲ್ಲಿ ಕೊಡವನ್ನು ಮೈಗೆ ಹತ್ತಿರ ಹಿಡಿದು ಎತ್ತುವುದಕ್ಕೂ ಕೈ ಚಾಚಿ ಎತ್ತುವುದಕ್ಕೂ ಇರುವ ವ್ಯತ್ಯಾಸ ಇಲ್ಲೂ ಇದೆ. 5 ಅಡಿ 5 ಇಂಚಿನ ಎತ್ತರ, ನೋಯುವ ಭುಜ ಇರುವ ನಿಮಗೆ 8 ಅಡಿ 6 ಇಂಚು ಸರಿ, ಕೈಗೆ ಹೆಚ್ಚೆನಿಸಿದರೆ 8 ಅಡಿ. ಅದಕ್ಕಿಂತ ಗಿಡ್ಡಕ್ಕೆ ಇಳಿಯಬೇಡಿ.

ರಾಡಿನ ಮೇಲೆ ಹೆವಿ, ಎಕ್ಸ್‌ಟ್ರಾ ಹೆವಿ ಎಂದು ಬರೆದಿರುವುದನ್ನು ನಂಬಿ ಕೊಳ್ಳಬೇಡಿ. ಈ ಪದಗಳಿಗೆ ಎಲ್ಲ ಕಂಪನಿಗಳೂ ಒಪ್ಪಿದ ಅಳತೆಯಿಲ್ಲ. ಒಬ್ಬರ ಮೀಡಿಯಂ ಹೆವಿ ಇನ್ನೊಬ್ಬರ ಹೆವಿ. ಔನ್ಸಿನ ಅಂಕಿ ಓದಿ. ನಿಮಗೆ ಬೇಕಾದ್ದು ಹೆಚ್ಚುಕಡಿಮೆ 2ರಿಂದ 6, ಇಲ್ಲವೇ 3ರಿಂದ 8 ಔನ್ಸ್ ಎಂದಿರುವ, ಫಾಸ್ಟ್ ಆ್ಯಕ್ಷನ್‌ನ, ಅಂದರೆ ಮುಖ್ಯವಾಗಿ ತುದಿಯ ಭಾಗದಲ್ಲಿ ಬಾಗುವ ರಾಡ್. ಎಸೆಯಲು ಹಿತವೆನಿಸುವ ತೂಕ ಈ ಮಿತಿಯ ನಡುಭಾಗ. 3–8 ಎಂದಿದ್ದರೆ 8 ಔನ್ಸನ್ನೂ ಬೀಸಿ ಹೊಡೆಯಬಹುದು ಎಂದರ್ಥವಲ್ಲ, ಮೆಲ್ಲನೆ ತೂಗಿ ಹಾಕಬಹುದು ಎಂದಷ್ಟೇ. ಮ್ಯಾಗ್ನಂ, ಪೌಂಡರ್‌ಗಳ ಆಸೆಯನ್ನು ಮೊದಲ ವರ್ಷ ಬಿಟ್ಟುಬಿಡಿ. ಅಂಗಡಿಯವರ ಆ ಭಾರೀ ರಾಡಿನಲ್ಲಿ 2 ಔನ್ಸಿನ ಬಕ್‌ಟೇಲ್ ಎಸೆದರೆ ರಾಡ್ ಬಾಗುವುದೇ ಇಲ್ಲ. ದೂರ ಹೋಗಬೇಕಾದರೆ ಎಲ್ಲ ಬಲವನ್ನೂ ನಿಮ್ಮ ಭುಜವೇ ಕೊಡಬೇಕು.

ಕರೋಲಾದ ಮಾತು. 8 ಅಡಿ 6 ಇಂಚಿನ ಒಂದೇ ತುಂಡಿನ ರಾಡನ್ನು ಕಾರಿನೊಳಗೆ ಓರೆಯಾಗಿ ತುರುಕುವವರು ಕೊನೆಗೆ ತುದಿಯನ್ನು ಬಾಗಿಲಿಗೆ ಕೊಟ್ಟು ಮುರಿದುಕೊಳ್ಳುತ್ತಾರೆ. ಹಿಡಿಕೆಯೊಳಕ್ಕೆ ರಾಡಿನ ಬುಡ ಒಂದು ಅಡಿಗೂ ಹೆಚ್ಚು ಸರಿಯುವ ಟೆಲಿಸ್ಕೋಪಿಂಗ್ ಮಾದರಿಗಳು ಮಸ್ಕಿ ರಾಡುಗಳಲ್ಲಿ ಧಾರಾಳವಾಗಿ ಸಿಗುತ್ತವೆ. ಅದನ್ನೇ ಕೇಳಿ. ಪ್ರತಿ ಸಲ ಎಳೆದು ತೆಗೆದ ಮೇಲೆ ಸಂದು ಬಿಗಿಯಾಗಿದೆಯೇ, ದಾರದ ಉಂಗುರಗಳು ರೀಲಿನ ನೇರಕ್ಕೆ ಬಂದಿವೆಯೇ ನೋಡಿಕೊಳ್ಳಿ. ಸಡಿಲ ಬಿಟ್ಟು ಎಸೆದರೆ ಸಂದು ತಿರುಗಿ ಸವೆಯುತ್ತದೆ.

ಅಂಗಡಿಯಲ್ಲಿ ರಾಡಿಗೆ ರೀಲ್ ಕೂರಿಸಿಯೇ ಪರೀಕ್ಷಿಸಿ. ಲೂರ್ ಎಳೆಯುವ ಭಂಗಿಯಲ್ಲಿ, ತುದಿ ನೆಲದ ಕಡೆ ಇರುವಂತೆ, ಒಂದು ನಿಮಿಷ ಹಿಡಿದು ನಿಲ್ಲಿ. ಅಷ್ಟರಲ್ಲೇ ಮಣಿಕಟ್ಟು ಸೋತರೆ ಆ ಜೋಡಿ ನಿಮ್ಮದಲ್ಲ. ಹಿಡಿಕೆಯ ಬುಡವನ್ನು ಕಂಕುಳಲ್ಲಿಟ್ಟು ರೀಲ್ ತಿರುಗಿಸಿ ನೋಡಿ. ಬುಡ ತೀರ ಉದ್ದವಾದರೆ ಲೈಫ್ ಜಾಕೆಟ್ಟಿಗೆ ಸಿಕ್ಕಿಕೊಂಡು ಎಂಟು ಹಾಕುವಾಗ ಕಾಡುತ್ತದೆ. ಗಿಡ್ಡ ಆಳುಗಳಿಗೆ ಈ ತೊಂದರೆ ಹೆಚ್ಚು.

ರೀಲ್

ರಟ್ಟಿನ ಪೆಟ್ಟಿಗೆಯ ಮೇಲೆ ಮೊದಲು ಕಣ್ಣಿಗೆ ಬೀಳುವುದು ಬೇರಿಂಗುಗಳ ಸಂಖ್ಯೆ, ಡ್ರ್ಯಾಗ್ (ಮೀನು ಎಳೆದಾಗ ದಾರವನ್ನು ಬಿಗಿ ಹಿಡಿದು ಬಿಟ್ಟುಕೊಡುವ ತಡೆ) ಎಷ್ಟು ಪೌಂಡ್ ಎಂಬ ಅಂಕಿ. ಎರಡಕ್ಕೂ ಬೆಲೆ ಕೊಡಬೇಡಿ. ಮಸ್ಕಿ ರೀಲ್ ಕೆಡುವುದು ಲೂರ್ ಎಳೆಯುವುದರಿಂದ. ಗೇರಿನ ಹಲ್ಲು ಸವೆಯುತ್ತದೆ, ಹಿಮ್ಮುಖ ತಿರುಗದಂತೆ ತಡೆಯುವ ಬೇರಿಂಗ್ ಜಾರುತ್ತದೆ, ದಾರವನ್ನು ಸಮನಾಗಿ ಹಾಸುವ ಲೆವೆಲ್ ವೈಂಡಿನ ಭಾಗ ಸವೆಯುತ್ತದೆ. 200 ಸೈಜಿನ ನಿಮ್ಮ ರೀಲ್ 10ನೇ ನಂಬರಿನ ಎರಡು ಎಲೆಯ ಬಕ್‌ಟೇಲನ್ನು ಕೆಲವು ದಿನ ಎಳೆದೀತು. ಆಮೇಲೆ ಹಿಡಿ ತಿರುಗಿಸುವಾಗ ಮರಳು ಅರೆದ ಹಾಗೆ ಕೈಗೆ ತಿಳಿಯುತ್ತದೆ.

ನಿಮಗೆ ಹೊಂದುವುದು 300 ಸೈಜಿನ ಲೋ ಪ್ರೊಫೈಲ್ (ತಗ್ಗಾದ ಮೈಯ) ರೀಲ್, ಕೈ ದೊಡ್ಡದಿದ್ದರೆ 400. ಡೈವಾ ಲೆಕ್ಸಾ, ಶಿಮಾನೊ ಟ್ರಾಂಕ್ಸ್, ಒಕುಮಾ ಕೊಮೊಡೊ, ಅಬು ಗಾರ್ಸಿಯಾದ ಬೀಸ್ಟ್ ಇವೆಲ್ಲ ಈ ಕೆಲಸಕ್ಕೆಂದೇ ಜನ ಕೊಳ್ಳುವ ಹೆಸರುಗಳು. 500 ಸೈಜಿನದು ಇವುಗಳ ಒಂದೂವರೆ ಪಟ್ಟು ಭಾರ. ಪೌಂಡರ್ ಎಸೆಯುವವರಿಗೆ ಅದು ತಕ್ಕದ್ದು, ನೋಯುವ ಭುಜಕ್ಕೆ ಶಿಕ್ಷೆ. ಹಣ ಉಳಿಸಬೇಕೆಂದರೆ ದುಂಡಗಿನ ಹಳೇ ಮಾದರಿಯ ಅಬು ಅಂಬಾಸಡರ್ 6500 ಇದೆ. ನೋಡಲು ಹಳತು, ಬಿಚ್ಚಿ ತೊಳೆದು ಎಣ್ಣೆ ಹಾಕುವುದು ಸುಲಭ, ಬಿಡಿಭಾಗ ಸಿಗುತ್ತದೆ. ಅಂಗೈಯಲ್ಲಿ ಅಷ್ಟು ಚೆನ್ನಾಗಿ ಕೂರುವುದಿಲ್ಲ ಎಂಬುದೊಂದೇ ಕೊರತೆ.

ಗೇರ್ ಅನುಪಾತವನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಇಲ್ಲಿ ತಪ್ಪುವವರೇ ಹೆಚ್ಚು. 6.3ಕ್ಕೆ 1 ಎಂದರೆ ಹಿಡಿ ಒಂದು ಸುತ್ತು ಬಂದರೆ ದಾರ ಸುತ್ತಿರುವ ಉರುಳೆ, ಅಂದರೆ ಸ್ಪೂಲ್, 6.3 ಸುತ್ತು. ದಾರ ತುಂಬಿದ ಸ್ಪೂಲಿನ ವ್ಯಾಸ ಒಂದೂವರೆ ಇಂಚು ಎಂದುಕೊಂಡರೆ ಒಂದು ಸುತ್ತಿಗೆ 4.7 ಇಂಚು ದಾರ. ಒಂದು ಹಿಡಿತಿರುವಿಗೆ ಸುಮಾರು 30 ಇಂಚು. 5.1 ಆದರೆ 24, 7.1 ಆದರೆ 33. ವೇಗದ ಗೇರ್ ಕೊಂಡರೆ ಎಲ್ಲಕ್ಕೂ ಆಗುತ್ತದೆ, ನಿಧಾನ ಬೇಕಾದರೆ ನಿಧಾನ ತಿರುಗಿಸಿದರಾಯಿತು ಎಂಬುದು ಪ್ರಚಲಿತ ವಾದ. ಕಾಗದದ ಮೇಲೆ ಸರಿ. ಆದರೆ ದೊಡ್ಡ ಎಲೆಗಳ ಬಕ್‌ಟೇಲ್ ನೀರಿನಲ್ಲಿ ಬಕೆಟ್ ಎಳೆದಂತೆ ತಡೆಯುತ್ತದೆ. 7ರ ಗೇರಿನಲ್ಲಿ ಪ್ರತಿ ಸುತ್ತಿಗೂ ನಿಮ್ಮ ಕೈ ಹಾಕಬೇಕಾದ ಬಲ 5ರದ್ದಕ್ಕಿಂತ ಮೂರರಲ್ಲೊಂದು ಪಾಲಿಗೂ ಹೆಚ್ಚು. ಸೈಕಲ್ಲಿನ ದೊಡ್ಡ ಗೇರಿನಲ್ಲಿ ಆಗುಂಬೆ ಘಾಟಿ ಹತ್ತಿದ ಹಾಗೆ. ಇತ್ತ 5ರ ಗೇರಿನಲ್ಲಿ, ನೀರಿನ ಮೇಲೆ ಓಡಿಸುವ ಅಥವಾ ಜಗ್ಗಿ ಬಿಡುವ ಲೂರುಗಳಲ್ಲಿ ಸಡಿಲಾದ ದಾರವನ್ನು ಬೇಗ ಸುತ್ತಿಕೊಳ್ಳಲಾಗದು. ಒಂದೇ ರೀಲ್ ಇರುವವರಿಗೆ 5.8ರಿಂದ 6.3ರ ನಡುವಿನದು ನ್ಯಾಯವಾದ ರಾಜಿ. ಜೊತೆಗೆ ಉದ್ದನೆಯ ಹಿಡಿ, ಅಂಗೈ ತುಂಬುವ ಗುಂಡಿ ಇರಲಿ. ನಿಮ್ಮ ಭುಜದ ದೃಷ್ಟಿಯಿಂದ ಬಕ್‌ಟೇಲಿನಲ್ಲಿ 10ಕ್ಕೆ ಹೋಗದೆ 8ನೇ ನಂಬರಿನ ಎಲೆಗಳಲ್ಲೇ ಇರಿ. ಅದನ್ನೂ ದೊಡ್ಡ ಮೀನು ಕಚ್ಚುತ್ತದೆ.

ಎಡಗೈ ಹಿಡಿಯೋ ಬಲಗೈ ಹಿಡಿಯೋ? ನೋವು ಬಲಭುಜದಲ್ಲಿರುವುದರಿಂದ ಇಡೀ ದಿನ ತಿರುಗಿಸುವ ಕೆಲಸ ಯಾವ ಕೈಗೆ ಹಗುರ ಎಂದು ನೀವೇ ಅಂಗಡಿಯಲ್ಲಿ ಎರಡನ್ನೂ ತಿರುಗಿಸಿ ನಿರ್ಧರಿಸಬೇಕು. ಎಡಗೈ ಮಾದರಿಗಳ ಆಯ್ಕೆ ಕಡಿಮೆ, ಆದರೆ ಎಸೆದ ಮೇಲೆ ಕೈ ಬದಲಿಸುವ ತಾಪತ್ರಯ ಇಲ್ಲ.

ಸ್ಪಿನ್ನಿಂಗ್ ರೀಲ್ ಬಗ್ಗೆ ಕೇಳಿದ್ದೀರಿ. 1 ಔನ್ಸಿನ ಸುತ್ತಮುತ್ತಲ ಲೂರುಗಳಿಗೆ ಗಟ್ಟಿಯಾದ ಸ್ಪಿನ್ನಿಂಗ್ ರೀಲ್ ಪರವಾಗಿಲ್ಲ. ಅದಕ್ಕಿಂತ ಭಾರ ಎಸೆಯುವಾಗ ದಾರವನ್ನು ಬೆರಳ ತುದಿಯಲ್ಲಿ ಹಿಡಿದಿರಬೇಕಾಗುತ್ತದೆ, ಬ್ರೇಯ್ಡ್ ಚರ್ಮ ಕೊಯ್ಯುತ್ತದೆ. ಎಸೆತದ ನಡುವೆ ಬೇಲ್ (ದಾರವನ್ನು ಸ್ಪೂಲಿಗೆ ಸುತ್ತಿಸುವ ತಂತಿಯ ಕಮಾನು) ತಾನಾಗಿ ಮುಚ್ಚಿಕೊಂಡರೆ ಲೂರ್ ಕಿತ್ತು ಹೋಗುತ್ತದೆ. ಬೇಟ್‌ಕಾಸ್ಟರ್ ನಿಮಗೆ ಆಗಲೇ ಗೊತ್ತಿರುವಾಗ ಹಿಂದೆ ಹೋಗುವ ಅಗತ್ಯವಿಲ್ಲ.

30 ಪೌಂಡಿನ ಮೀನಿಗೆ 80 ಪೌಂಡಿನ ದಾರ

40 ಇಂಚಿನ ಮಸ್ಕಿ ಹದಿನಾರೋ ಹದಿನೆಂಟೋ ಪೌಂಡ್ ತೂಗೀತು. 50 ಇಂಚಿನದು 30 ದಾಟುತ್ತದೆ. ಮಿನ್ನೆಸೋಟಾದ ದಾಖಲೆ ಮೀನು, 2021ರ ನವೆಂಬರಿನಲ್ಲಿ ಮಿಲ್ ಲ್ಯಾಕ್ಸ್ ಲೇಕ್‌ನಲ್ಲಿ ಸಿಕ್ಕಿದ್ದು, 55 ಪೌಂಡ್ 14.8 ಔನ್ಸ್. ಈ ಲೆಕ್ಕದಲ್ಲಿ 80 ಪೌಂಡ್ ಅತಿಯೇ. ಆದರೆ ದಾರ ಹರಿಯುವುದು ಮೀನಿನಿಂದಲ್ಲ. ಬೀಸಿ ಎಸೆದಾಗ ಸ್ಪೂಲಿನಲ್ಲಿ ದಾರ ಸಿಕ್ಕುಬಿದ್ದು ನಿಂತರೆ, ಹಾರುತ್ತಿರುವ 4 ಔನ್ಸಿನ ಲೂರ್ ಒಂದೇ ಏಟಿಗೆ ಬಿಗಿಯುತ್ತದೆ. ಬ್ರೇಯ್ಡ್ ಹಿಗ್ಗುವುದಿಲ್ಲ, ಆ ಏಟನ್ನು ಹೀರಿಕೊಳ್ಳುವುದು ಯಾವುದೂ ಇಲ್ಲ. 30 ಪೌಂಡಿನದು ಅಲ್ಲೇ ತುಂಡಾಗಿ 25 ಡಾಲರಿನ ಲೂರ್ ಲೇಕ್ ಪಾಲಾಗುತ್ತದೆ. ಅದಲ್ಲದೆ ಗಂಟು ಕಟ್ಟಿದ ಜಾಗದಲ್ಲಿ ಶಕ್ತಿ ಕಡಿಮೆ, ಕಲ್ಲು ಚಿಪ್ಪಿಗೆ ಉಜ್ಜಿದ ಜಾಗದಲ್ಲಿ ಇನ್ನೂ ಕಡಿಮೆ. ತೆಳು ಬ್ರೇಯ್ಡ್ ಸ್ಪೂಲಿನ ಕೆಳಪದರಗಳ ಒಳಕ್ಕೆ ಕೊರೆದು ಹೂತುಕೊಂಡು, ಮುಂದಿನ ಎಸೆತದಲ್ಲಿ ಸಿಕ್ಕಾಗುವುದೂ ಹೆಚ್ಚು.

80 ಪೌಂಡಿನ ಬ್ರೇಯ್ಡ್ ದಪ್ಪದಲ್ಲಿ ಸುಮಾರು 18 ಪೌಂಡಿನ ಮಾಮೂಲಿ ನೈಲಾನ್ ದಾರದಷ್ಟೇ ಇರುವುದರಿಂದ ಎಸೆತಕ್ಕೆ ಅಡ್ಡಿಯಿಲ್ಲ. ಪವರ್‌ಪ್ರೊ, ಸಫಿಕ್ಸ್ ಯಾವುದಾದರೂ ಆದೀತು. 100 ಪೌಂಡಿನದು ದೈತ್ಯ ಲೂರುಗಳವರಿಗೆ.

ಸುತ್ತುವಾಗ ಒಂದು ಎಚ್ಚರ. ಬ್ರೇಯ್ಡನ್ನು ನೇರವಾಗಿ ಲೋಹದ ಸ್ಪೂಲಿಗೆ ಕಟ್ಟಿದರೆ ಇಡೀ ಸುರುಳಿಯೇ ಸ್ಪೂಲಿನ ಮೇಲೆ ಜಾರುತ್ತದೆ. ಮೀನು ಎಳೆದಾಗ ಡ್ರ್ಯಾಗ್ ಹಾಳಾಗಿದೆ ಎಂದು ರೀಲ್ ವಾಪಸ್ ಕೊಡಲು ಹೊರಡುವವರಿದ್ದಾರೆ. ಮೊದಲು 15–20 ಪೌಂಡಿನ ನೈಲಾನ್ ದಾರ ಕೆಲವು ಸುತ್ತು ಹಾಕಿ, ಡಬಲ್ ಯೂನಿ ಗಂಟಿನಿಂದ ಬ್ರೇಯ್ಡ್ ಜೋಡಿಸಿ. ಮಸ್ಕಿ ನೂರಾರು ಗಜ ಓಡುವ ಮೀನಲ್ಲ, ಹಾಗಾಗಿ 100–120 ಗಜ ಬ್ರೇಯ್ಡ್ ಇದ್ದರೆ ಸಾಕು. ಉಳಿದ ಜಾಗವನ್ನು ಅಗ್ಗದ ನೈಲಾನ್ ತುಂಬಲಿ. ಒದ್ದೆ ಬಟ್ಟೆಯಲ್ಲಿ ಬ್ರೇಯ್ಡನ್ನು ಬಿಗಿಯಾಗಿ ಹಿಡಿದು ಸುತ್ತಿ, ಅಂಚಿಗಿಂತ 3 ಮಿಲಿಮೀಟರ್ ಕೆಳಗೆ ನಿಲ್ಲಿಸಿ.

ಲೀಡರ್ ಇಲ್ಲದೆ ಒಂದು ಎಸೆತವನ್ನೂ ಹಾಕಬೇಡಿ. ಬ್ರೇಯ್ಡ್ ಎಷ್ಟೇ ಪೌಂಡಿನದಾಗಲಿ, ಆ ಹಲ್ಲಿಗೆ ಹತ್ತಿಯ ನೂಲು. ಲೂರ್ ಬಾಯಲ್ಲೇ ಉಳಿಸಿಕೊಂಡು ಹೋದ ಮೀನಿನ ಗತಿ ಕೆಟ್ಟದ್ದು. 130 ಪೌಂಡಿನ ಫ್ಲೋರೊಕಾರ್ಬನ್, 12ರಿಂದ 14 ಇಂಚು ಉದ್ದ, ಒಂದು ತುದಿಗೆ ಬಾಲ್ ಬೇರಿಂಗ್ ಸ್ವಿವೆಲ್ (ದಾರ ಹುರಿಗೊಳ್ಳದಂತೆ ತಿರುಗುವ ಕೊಂಡಿ), ಇನ್ನೊಂದಕ್ಕೆ ಲೂರ್ ಸಿಕ್ಕಿಸುವ ಗಟ್ಟಿ ಸ್ನ್ಯಾಪ್. ತಂತಿಯ ಲೀಡರ್ ಕಂಡರೆ ಮೀನು ಹೆದರುತ್ತದೆ ಎಂಬ ಮಾತಿಗೆ ಈ ಮೀನಿನ ವಿಷಯದಲ್ಲಿ ಬೆಲೆಯಿಲ್ಲ. ಅಕ್ಕಪಕ್ಕ ತೂಗುವ ಗ್ಲೈಡ್ ಲೂರುಗಳಿಗೆ ಒಂಟಿ ತಂತಿಯದೇ ಉತ್ತಮ, ಲೂರ್ ಸುತ್ತಿಕೊಳ್ಳುವುದಿಲ್ಲ. ಬ್ರೇಯ್ಡನ್ನು ಸ್ವಿವೆಲಿಗೆ ಪಾಲೊಮಾರ್ ಗಂಟಿನಿಂದ ಕಟ್ಟಿ. ಎಂಜಲು ಹಚ್ಚಿ ಬಿಗಿಯಿರಿ, ತುದಿಯಲ್ಲಿ 5 ಮಿಲಿಮೀಟರ್ ಬಿಡಿ. ಪ್ರತಿ ಸಲ ನೀರಿಗೆ ಹೋಗುವ ಮುನ್ನ ಹೊಸ ಗಂಟು. ಎಸೆತದಲ್ಲಿ ಜೋರಾಗಿ ಸಿಕ್ಕಾದರೆ ಆ ಜಾಗದವರೆಗಿನ ದಾರ ಕತ್ತರಿಸಿ ಎಸೆಯಿರಿ.

600 ಡಾಲರನ್ನು ಹೇಗೆ ಹಂಚುವುದು

ನನ್ನ ಲೆಕ್ಕ ಹೀಗೆ. ರಾಡಿಗೆ 150, ರೀಲಿಗೆ 200, ದಾರಕ್ಕೆ 25, ಎರಡು ಲೀಡರಿಗೆ 25, ಬಲೆಗೆ 90, ಕತ್ತರಿ ಮತ್ತು ಇಕ್ಕಳಕ್ಕೆ 50, ಲೂರುಗಳಿಗೆ 60. ಬೆಲೆಗಳು ಏರುಪೇರಾಗುತ್ತವೆ, ಪ್ರಮಾಣ ಬದಲಾಗುವುದು ಬೇಡ. ಸೇಂಟ್ ಕ್ರೋಯ್ ಕಂಪನಿಯ ಮೋಜೊ ಮಸ್ಕಿ ಸಾಲಿನ ರಾಡ್ ಈ ಮೊತ್ತಕ್ಕಿಂತ ಸ್ವಲ್ಪ ಮೇಲೆ. ಬಳಸಿದ್ದು ಸಿಕ್ಕರೆ ಇದರೊಳಗೇ ಬರುತ್ತದೆ. ಹಳೆಯ ರಾಡ್ ಕೊಳ್ಳುವಾಗ ಹತ್ತಿಯ ಕಡ್ಡಿಯನ್ನು ಪ್ರತಿ ಉಂಗುರದೊಳಗೆ ತಿರುಗಿಸಿ ನೋಡಿ. ಹತ್ತಿಯ ಎಳೆ ಸಿಕ್ಕಿಕೊಂಡರೆ ಅಲ್ಲಿ ಸೀಳಿದೆ, ಅದು ದಾರವನ್ನು ಕೊಯ್ಯುತ್ತದೆ.

ಬಲೆ, ಕತ್ತರಿ ಆಮೇಲೆ ನೋಡೋಣ ಎಂದು ಮುಂದೂಡಬೇಡಿ. 600ರಲ್ಲಿ ಯಾವುದನ್ನಾದರೂ ಕಡಿಮೆ ಮಾಡಬೇಕಾಗಿ ಬಂದರೆ ರೀಲಿನಲ್ಲಿ ಮಾಡಿ. ಮಿನ್ನೆಸೋಟಾದಲ್ಲಿ 54 ಇಂಚಿಗಿಂತ ಚಿಕ್ಕ ಮಸ್ಕಿಯನ್ನು ಇಟ್ಟುಕೊಳ್ಳುವಂತಿಲ್ಲ. ಅಂದರೆ ನೀವು ಹಿಡಿಯುವ ಮೀನನ್ನೆಲ್ಲ ಜೀವಂತ ಬಿಡಲೇಬೇಕು ಎಂದುಕೊಳ್ಳಿ. ಬಾಸ್ ಮೀನಿನ ಸಣ್ಣ ಬಲೆಯಲ್ಲಿ ಇದರ ತಲೆ ಮಾತ್ರ ಹೋದೀತು. ರಬ್ಬರ್ ಲೇಪದ, ಆಳವಾದ, ಅಗಲ ಬಾಯಿಯ ಬಲೆ ಬೇಕು. ಮೀನು ಬಲೆಯೊಳಗೆ ನೀರಿನಲ್ಲೇ ಇರಲಿ. ಅಲ್ಲೇ 11 ಇಂಚಿನ ಉದ್ದ ಮೂತಿಯ ಇಕ್ಕಳದಿಂದ ಕೊಕ್ಕೆ ಬಿಡಿಸಿ. ಬಾರದಿದ್ದರೆ ಒದ್ದಾಡಬೇಡಿ, ಕ್ನಿಪೆಕ್ಸ್‌ನಂಥ ಪುಟ್ಟ ಬೋಲ್ಟ್ ಕಟರಿನಿಂದ ಕೊಕ್ಕೆಯನ್ನೇ ಕತ್ತರಿಸಿ. ಒಂದು ಕೊಕ್ಕೆಯ ಬೆಲೆ ಒಂದೆರಡು ಡಾಲರ್. ಅದೇ ಕತ್ತರಿ ನಿಮ್ಮ ಬೆರಳಿಗೆ ಕೊಕ್ಕೆ ಚುಚ್ಚಿ, ಅದರ ಇನ್ನೊಂದು ಮೊನೆಯಲ್ಲಿ ಮೀನು ಒದ್ದಾಡುತ್ತಿರುವಾಗಲೂ ಬೇಕಾಗುತ್ತದೆ. ಈ ಹವ್ಯಾಸದಲ್ಲಿ ಆಸ್ಪತ್ರೆ ಸೇರುವವರು ಹೆಚ್ಚಾಗಿ ಈ ಕಾರಣಕ್ಕೇ. ಕೊಕ್ಕೆಗಳ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಟ್ಟರೆ ಎರಡೂ ಕಡೆಗೆ ಲಾಭ. ಫೋಟೋಗೆ ಎತ್ತಿದರೆ ಅಡ್ಡಕ್ಕೆ, ಹೊಟ್ಟೆಯ ಕೆಳಗೆ ಕೈ ಕೊಟ್ಟು, ಕೆಲವೇ ಸೆಕೆಂಡು. ದವಡೆ ಹಿಡಿದು ತೂಗಹಾಕಬೇಡಿ. ನೀರಿನ ಉಷ್ಣತೆ 80 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 27 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಮಸ್ಕಿಯ ತಂಟೆಗೇ ಹೋಗಬೇಡಿ. ಬಿಸಿನೀರಿನಲ್ಲಿ ದಣಿದ ಮೀನು ಈಜಿಕೊಂಡು ಹೋದಂತೆ ಕಂಡರೂ ಆಮೇಲೆ ಸಾಯುತ್ತದೆ.

60 ಡಾಲರಿಗೆ ಎರಡು ಮೂರು ಲೂರ್ ಬರುತ್ತವೆ. 8ನೇ ನಂಬರಿನ ಎರಡೆಲೆಯ ಬಕ್‌ಟೇಲ್ ಒಂದು, ಹಿಂಭಾಗ ತಿರುಗುತ್ತ ನೀರಿನ ಮೇಲೆ ಸದ್ದು ಮಾಡುವುದು ಒಂದು, ಸಾಧ್ಯವಾದರೆ ಸಾಮಾನ್ಯ ಅಳತೆಯ ರಬ್ಬರಿನದು ಒಂದು.

ಮೊದಲ ದಿನ

ರೀಲಿನ ಪಕ್ಕದ ಸ್ಪೂಲ್ ಬಿಗಿತದ ತಿರುಪನ್ನು, ಗುಂಡಿ ಒತ್ತಿದರೆ ಲೂರ್ ನಿಧಾನವಾಗಿ ಇಳಿದು, ನೆಲ ಮುಟ್ಟಿದ ಕೂಡಲೇ ಸ್ಪೂಲ್ ನಿಲ್ಲುವಂತೆ ಹೊಂದಿಸಿ. ಬ್ರೇಕನ್ನು ಜಾಸ್ತಿಯಲ್ಲೇ ಶುರುಮಾಡಿ, ಕೈ ಪಳಗಿದಂತೆ ಇಳಿಸಿ. ಲೂರ್ ಬದಲಿಸಿದಾಗಲೆಲ್ಲ ಈ ಹೊಂದಾಣಿಕೆ ಮತ್ತೆ ಆಗಬೇಕು. ಬಾಸ್‌ಗೆ ಎಸೆಯುವ ಹಾಗೆ ಮಣಿಕಟ್ಟು ಕೊಡವಬೇಡಿ. ಎರಡೂ ಕೈಯಿಂದ, ಪಕ್ಕದಿಂದ, ರಾಡ್ ತಾನೇ ಬಾಗಿ ಬಿಚ್ಚಿಕೊಳ್ಳುವಂತೆ ತೂಗಿ ಬಿಡಿ. ಮೇಲಿನ ಕೈ ತಳ್ಳುವುದಕ್ಕಿಂತ ಕೆಳಗಿನ ಕೈ ಹೊಟ್ಟೆಯ ಕಡೆ ಎಳೆಯುವುದು ಮುಖ್ಯ. ಭುಜ ಉಳಿಯುವುದು ಇಲ್ಲೇ. ಲೂರ್ ನೀರು ಮುಟ್ಟುವ ಸ್ವಲ್ಪ ಮೊದಲೇ ಹೆಬ್ಬೆರಳು ಸ್ಪೂಲಿನ ಮೇಲೆ ಬರಲಿ.

ಡ್ರ್ಯಾಗ್ ಗಟ್ಟಿಯಾಗಿರಲಿ. ಕೈಗವಸು ಹಾಕಿ ದಾರ ಹಿಡಿದು ಜೋರಾಗಿ ಜಗ್ಗಿದರೂ ಜಾರಬಾರದು, ಜಾರಿದರೆ ಕೊಕ್ಕೆ ಇಳಿಯದು. ಮೀನು ಕಚ್ಚಿದಾಗ ರಾಡನ್ನು ಆಕಾಶಕ್ಕೆತ್ತದೆ ಪಕ್ಕಕ್ಕೆ, ಮೀನು ಹೋಗುತ್ತಿರುವ ದಿಕ್ಕಿಗೆ ವಿರುದ್ಧವಾಗಿ ಎಳೆಯಿರಿ. ದೋಣಿಯ ಹತ್ತಿರ ಮೀನು ಬಂದ ಮೇಲೆ ಡ್ರ್ಯಾಗನ್ನು ಸ್ವಲ್ಪ ಸಡಿಲಿಸಿ, ಬ್ರೇಯ್ಡ್ ಹಿಗ್ಗದ ಕಾರಣ ಕೊನೆಯ ಕೊಡವಿಗೆ ಅವಕಾಶ ಬೇಕು. ಬಲೆಗೆ ಹಾಕುವಾಗ ರಾಡನ್ನು ನೆಟ್ಟಗೆ ಮೇಲೆತ್ತಿ ಹಿಡಿಯುವುದೇ ಒಳ್ಳೆಯ ರಾಡುಗಳು ಮುರಿಯಲು ದೊಡ್ಡ ಕಾರಣ. ದಾರ ಚಿಕ್ಕದಾಗಿ ರಾಡ್ ನೆಟ್ಟಗಾದರೆ ಭಾರವೆಲ್ಲ ತೆಳು ತುದಿಯ ಮೇಲೆ ಬೀಳುತ್ತದೆ. ಒಂದೆರಡು ಹೆಜ್ಜೆ ಹಿಂದೆ ಸರಿದು ರಾಡನ್ನು ತಗ್ಗಿಸಿ ಮೀನನ್ನು ಬಲೆಯ ಕಡೆ ನಡೆಸಿ. ಬಲೆ ಹಿಡಿಯಲು ಇನ್ನೊಬ್ಬರು ಜೊತೆಗಿರಲಿ.

ಮಿನ್ನೆಸೋಟಾದಲ್ಲಿ ಮಸ್ಕಿ ಸೀಸನ್ ಜೂನ್ ತಿಂಗಳ ಮೊದಲ ಶನಿವಾರ ತೆರೆದು ಡಿಸೆಂಬರ್ 1ಕ್ಕೆ ಮುಗಿಯುತ್ತದೆ. ಬೇಸಿಗೆಯ ನೀರಿನಲ್ಲಿ ಒಬ್ಬರಿಗೆ ಒಂದೇ ದಾರ. ಗಡಿ ದಾಟಿ ವಿಸ್ಕಾನ್ಸಿನ್‌ಗೆ ಹೋದರೆ ಸೀಸನ್, ಅಳತೆ, ಲೈಸೆನ್ಸ್ ಎಲ್ಲ ಬೇರೆ. ಆಯಾ ವರ್ಷದ ನಿಯಮಗಳನ್ನು ನೋಡಿಕೊಂಡು ಹೊರಡಿ. ಜೂನ್‌ಗೆ ಮುಂಚೆ ಒಂದೆರಡು ಸಂಜೆ ಹುಲ್ಲಿನ ಮೈದಾನದಲ್ಲಿ, ಹಳೇ ಲೂರಿನ ಕೊಕ್ಕೆ ಬಿಚ್ಚಿ ಎಸೆದು ಅಭ್ಯಾಸ ಮಾಡಿ. ಬ್ರೇಕ್ ಎಲ್ಲಿಗೆ ಇಡಬೇಕು, ಭುಜ ಎಷ್ಟು ಹೊತ್ತು ತಾಳುತ್ತದೆ ಎರಡೂ ಅಲ್ಲೇ ಗೊತ್ತಾಗುತ್ತದೆ. ಆ ಬಾಸ್ ರಾಡನ್ನು ಮಾರಬೇಡಿ. ಭುಜ ಕೈಕೊಟ್ಟ ಮಧ್ಯಾಹ್ನ ಅದೇ ಬೇಕಾಗುತ್ತದೆ.